ಆನ್‌ಲೈನಿನಲ್ಲಿ ಸೈ-ಫೈ ಟೇಬಲ್‌ಟಾಪ್ ಆಟ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ಬೇರೆ ಊರುಗಳಲ್ಲಿ ಕೂತ ನಾಲ್ಕೈದು ಜನ ಒಂದೇ ಅಂತರಿಕ್ಷ ನೌಕೆಯ ಸಿಬ್ಬಂದಿಯಾಗಿ ಆಡುವುದು ಹೇಗೆ ಎಂದು ಹೊಸಬರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಈ ಉತ್ತರಗಳು. ಹೆಚ್ಚಿನವು ರೋಲ್‌ಪ್ಲೇಯಿಂಗ್ ಆಟಗಳ ಬಗ್ಗೆ, ಅಂದರೆ ಒಬ್ಬೊಬ್ಬರೂ ಒಂದು ಪಾತ್ರವಾಗಿ ಮಾತಿನಲ್ಲೇ ಕಥೆ ನಡೆಸುವ ಆಟಗಳ ಬಗ್ಗೆ. ಬೋರ್ಡ್ ಗೇಮ್‌ಗಳ ಮಾತು ಕೊನೆಯ ಕಡೆಗೆ ಬರುತ್ತದೆ.

ವರ್ಚುವಲ್ ಟೇಬಲ್‌ಟಾಪ್ ಅಂದರೆ ಏನು? ಅದೂ ಒಂದು ವಿಡಿಯೊ ಗೇಮೇ ತಾನೆ?

ಅಲ್ಲ. ವಿಡಿಯೊ ಗೇಮಿನಲ್ಲಿ ಬಾಗಿಲು ತೆರೆಯುತ್ತದೋ ಇಲ್ಲವೋ ಎಂದು ನಿರ್ಧರಿಸುವುದು ಪ್ರೋಗ್ರಾಂ. ಇಲ್ಲಿ ಅದನ್ನು ನಿರ್ಧರಿಸುವವರು ಗೇಮ್ ಮಾಸ್ಟರ್, ಅಂದರೆ ಜಿಎಂ. ಮೇಜಿನ ಸುತ್ತ ಕೂತಾಗ ಏನೇನು ಬೇಕೋ ಅದನ್ನೆಲ್ಲ ವರ್ಚುವಲ್ ಟೇಬಲ್‌ಟಾಪ್ (ಚಿಕ್ಕದಾಗಿ ವಿಟಿಟಿ) ಪರದೆಯ ಮೇಲೆ ಒದಗಿಸುತ್ತದೆ: ಮ್ಯಾಪ್, ಟೋಕನ್ (ಮ್ಯಾಪಿನ ಮೇಲೆ ಸರಿಸುವ ಗುರುತು), ದಾಳ, ಕ್ಯಾರೆಕ್ಟರ್ ಶೀಟ್ (ಪಾತ್ರದ ವಿವರದ ಹಾಳೆ), ಚಾಟ್. ಕಥೆ, ತೀರ್ಮಾನ, ಮಾತು ಎಲ್ಲವೂ ಆಡುವವರದ್ದೇ. "ಬಾಗಿಲು ತೆರೆಯದಿದ್ದರೆ ಪಕ್ಕದ ಪ್ಯಾನೆಲ್ ಕಿತ್ತು ವೈರ್ ಜೋಡಿಸ್ತೀನಿ" ಎಂದು ಆಟಗಾರ ಹೇಳಿದರೆ ಅದಕ್ಕೆ ಬಟನ್ ಬೇಕಾಗಿಲ್ಲ, ಜಿಎಂ "ಸರಿ, ದಾಳ ಹಾಕಿ" ಎಂದರೆ ಸಾಕು.

ಯಾವ ಆಟದಿಂದ ಶುರು ಮಾಡಲಿ?

ಒಂದೇ ಸಂಜೆಯಲ್ಲಿ ಮುಗಿಯುವ ಆಟ ಬೇಕಿದ್ದರೆ ಮದರ್‌ಶಿಪ್. ಇದು ಅಂತರಿಕ್ಷದ ಭಯದ ಕಥೆಗಳಿಗಾಗಿಯೇ ಮಾಡಿದ ಆಟ, ಮೊದಲು ಬಂದದ್ದು 2018ರಲ್ಲಿ. ಪಾತ್ರದ ವಿವರವೆಲ್ಲ ಒಂದೇ ಹಾಳೆಯಲ್ಲಿ ಹಿಡಿಯುತ್ತದೆ. ನೂರರ ದಾಳ ಹಾಕಿ ನಿಮ್ಮ ಸಾಮರ್ಥ್ಯದ ಅಂಕಕ್ಕಿಂತ ಕಡಿಮೆ ಬಂದರೆ ಗೆದ್ದಿರಿ. ಸೋತರೆ ಸ್ಟ್ರೆಸ್ ಒಂದು ಏರುತ್ತದೆ. ಸ್ಟ್ರೆಸ್ ಏರಿದಷ್ಟೂ ಪ್ಯಾನಿಕ್ ಆಗುವ ಸಾಧ್ಯತೆ ಹೆಚ್ಚು. ಆಟಗಾರರಿಗೆ ಬೇಕಾದ ನಿಯಮ ಪುಸ್ತಕದ ಪಿಡಿಎಫ್ ಉಚಿತ. ಹೊಸ ಗುಂಪಿಗೆ ನಾನು ಮೊದಲು ಹೇಳುವ ಹೆಸರು ಇದೇ, ಏಕೆಂದರೆ ವಿಟಿಟಿ ಮತ್ತು ನಿಯಮ ಎರಡನ್ನೂ ಒಟ್ಟಿಗೆ ಕಲಿಯುವಾಗ ನಿಯಮ ಹಗುರವಾಗಿರಬೇಕು.

ತಿಂಗಳುಗಟ್ಟಲೆ ನಡೆಯುವ ಕಥೆಗೆ ಟ್ರಾವೆಲರ್. 1977ರಲ್ಲಿ ಮಾರ್ಕ್ ಮಿಲ್ಲರ್ ರೂಪಿಸಿದ ಈ ಆಟ ಇಂದಿಗೂ ಹೊಸ ಆವೃತ್ತಿಗಳಲ್ಲಿ ಬರುತ್ತಿದೆ. ಈಗಿನ ಆವೃತ್ತಿಯಲ್ಲಿ ಎರಡು ದಾಳ ಹಾಕಿ, ಕೌಶಲದ ಅಂಕ ಸೇರಿಸಿ, 8 ಅಥವಾ ಹೆಚ್ಚು ಬಂದರೆ ಕೆಲಸ ಆಯಿತು. ಇದರಲ್ಲಿ ಪಾತ್ರ ಮಾಡುವುದೇ ಒಂದು ಆಟ. ನೌಕಾಪಡೆಯಲ್ಲಿ ನಾಲ್ಕು ವರ್ಷ, ಆಮೇಲೆ ವ್ಯಾಪಾರಿ ಹಡಗಿನಲ್ಲಿ ನಾಲ್ಕು ವರ್ಷ ಎಂದು ಒಂದೊಂದೇ ಅವಧಿ ದಾಳ ಹಾಕುತ್ತಾ ಹೋಗಬೇಕು. ಮೊದಲ ಆವೃತ್ತಿಯಲ್ಲಂತೂ ಆಟ ಶುರುವಾಗುವ ಮೊದಲೇ ಪಾತ್ರ ಸತ್ತುಹೋಗುವ ಸಂಭವವಿತ್ತು. ಈ ಹಂತವನ್ನು ಒಬ್ಬೊಬ್ಬರೇ ಕೂತು ಮುಗಿಸಬೇಡಿ, ಎಲ್ಲರೂ ಕಾಲ್‌ನಲ್ಲಿ ಸೇರಿ ಮಾಡಿ. ಯಾರಿಗೆ ಯಾರ ಪರಿಚಯ, ಯಾರ ಮೇಲೆ ಯಾರಿಗೆ ಸಿಟ್ಟು ಎಂಬುದೆಲ್ಲ ಅಲ್ಲೇ ಹುಟ್ಟುತ್ತದೆ.

ಕಾಸು ಖರ್ಚಿಲ್ಲದೆ ದೊಡ್ಡ ಜಗತ್ತು ಕಟ್ಟಬೇಕೆಂದರೆ ಸ್ಟಾರ್ಸ್ ವಿದೌಟ್ ನಂಬರ್. ಅದರ ಉಚಿತ ಆವೃತ್ತಿಯಲ್ಲೇ ಪೂರ್ತಿ ಆಟವಿದೆ. ಮ್ಯಾಪಿನ ಮೇಲೆ ಟೋಕನ್ ಸರಿಸುವ ಯುದ್ಧವೇ ಇಷ್ಟವಾದರೆ, ದೈತ್ಯ ಯಂತ್ರಗಳೊಳಗೆ ಕೂತು ಹೋರಾಡುವ ಲ್ಯಾನ್ಸರ್ ನೋಡಿ. ಅದರ ಪಾತ್ರ ಕಟ್ಟಲು ಕಾಂಪ್‌ಕಾನ್ ಎಂಬ ಉಚಿತ ಆಪ್ ಇದೆ. ಅಲ್ಲಿ ಮಾಡಿದ ಪಾತ್ರವನ್ನು ಫೌಂಡ್ರಿ ಎಂಬ ವಿಟಿಟಿಗೆ ತಂದುಕೊಳ್ಳಬಹುದು. ಸ್ಟಾರ್‌ಫೈಂಡರ್ ಒಳ್ಳೆಯ ಆಟವೇ, ಆದರೆ ನಿಯಮ ಭಾರಿ. ಅದು ಎರಡನೇ ಅಥವಾ ಮೂರನೇ ಆಟವಾಗಲಿ.

ಯಾವ ಸಾಫ್ಟ್‌ವೇರ್ ಒಳ್ಳೆಯದು?

ಜಿಎಂಗೆ ಎಷ್ಟು ತಾಳ್ಮೆ ಇದೆ ಎನ್ನುವುದರ ಮೇಲೆ ಹೋಗುತ್ತದೆ. ರೋಲ್20 (2012) ಬ್ರೌಸರಿನಲ್ಲೇ ನಡೆಯುತ್ತದೆ: ಖಾತೆ ತೆರೆದು ಲಿಂಕ್ ಕಳಿಸಿದರೆ ಆಟ ಶುರು. ಫೌಂಡ್ರಿ (2020) ಜಿಎಂನ ಕಂಪ್ಯೂಟರಿನಲ್ಲಿ ಅಥವಾ ಬಾಡಿಗೆ ಸರ್ವರಿನಲ್ಲಿ ಕೂರುತ್ತದೆ. ಆಟಗಾರರು ಬ್ರೌಸರ್ ಮೂಲಕ ಒಳಬರುತ್ತಾರೆ. ಗೋಡೆ, ಬೆಳಕು, ಶಬ್ದ ಇವುಗಳ ಮೇಲೆ ಅದು ಕೊಡುವ ಹಿಡಿತ ದೊಡ್ಡದು, ಕಲಿಯಬೇಕಾದದ್ದೂ ಅಷ್ಟೇ ದೊಡ್ಡದು. ಫ್ಯಾಂಟಸಿ ಗ್ರೌಂಡ್ಸ್ 2004ರಿಂದ ಇದೆ. ನಿಯಮಗಳನ್ನು ತಾನೇ ಲೆಕ್ಕ ಹಾಕಿ ನಡೆಸಿಕೊಡುವುದರಲ್ಲಿ ಪಳಗಿದ್ದು. ಮ್ಯಾಪ್‌ಟೂಲ್ ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ಔಲ್‌ಬೇರ್ ರೋಡಿಯೊದಲ್ಲಿ ಚಿತ್ರ ಹಾಕಿ ಟೋಕನ್ ಸರಿಸಬಹುದು. ಆಟದ ನಿಯಮ ಅದಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಮದರ್‌ಶಿಪ್‌ನಂಥ ಹಗುರ ಆಟಕ್ಕೆ ಔಲ್‌ಬೇರ್ ರೋಡಿಯೊ ಜೊತೆ ಒಂದು ವಾಯ್ಸ್ ಕಾಲ್ ಇದ್ದರೆ ಧಾರಾಳ. ಲ್ಯಾನ್ಸರ್ ಆಡುವುದಾದರೆ ಫೌಂಡ್ರಿಗೇ ಹೋಗಿ. ಸ್ಥಿತಿ ಸೂಚಕಗಳು, ಶಾಖದ ಲೆಕ್ಕ, ಹೆಕ್ಸ್ (ಮ್ಯಾಪಿನ ಆರು ಮೂಲೆಯ ಮನೆ) ದೂರ ಎಲ್ಲವನ್ನೂ ಕೈಯಲ್ಲಿ ಹಿಡಿದು ಕೂತರೆ ಆಟದ ಮಜವೇ ಹೋಗುತ್ತದೆ.

ಎಲ್ಲರೂ ದುಡ್ಡು ಕೊಡಬೇಕೇ?

ಬೇಡ. ಫೌಂಡ್ರಿಯಲ್ಲಿ ಜಿಎಂ ಒಮ್ಮೆ ಲೈಸೆನ್ಸ್ ಕೊಂಡರೆ ಮುಗಿಯಿತು, ಆಟಗಾರರಿಗೆ ಖರ್ಚಿಲ್ಲ. ರೋಲ್20ನಲ್ಲಿ ಉಚಿತ ಖಾತೆಯಲ್ಲೇ ಆಡಬಹುದು. ಹೆಚ್ಚಿನ ಸೌಲಭ್ಯಕ್ಕೆ ಚಂದಾ ಇದೆ.

ಫೌಂಡ್ರಿ ನನ್ನ ಕಂಪ್ಯೂಟರಿನಲ್ಲಿ ನಡೆಯುತ್ತಿದೆ, ಆದರೆ ಗೆಳೆಯರಿಗೆ ಒಳಗೆ ಬರಲಾಗುತ್ತಿಲ್ಲ. ಏಕೆ?

ಬಹುಪಾಲು ಸಲ ತೊಂದರೆ ರೂಟರಿನದು. ಫೌಂಡ್ರಿ ಸಾಮಾನ್ಯವಾಗಿ 30000 ಎಂಬ ಪೋರ್ಟ್ (ಸಂಪರ್ಕ ಒಳಬರುವ, ಸಂಖ್ಯೆಯಿಂದ ಗುರುತಿಸುವ ಬಾಗಿಲು) ಬಳಸುತ್ತದೆ. ಹೊರಗಿನಿಂದ ಆ ಪೋರ್ಟಿಗೆ ಬಂದವರನ್ನು ನಿಮ್ಮ ಕಂಪ್ಯೂಟರಿಗೆ ಕಳಿಸು ಎಂದು ರೂಟರಿಗೆ ಹೇಳಬೇಕು. ಇದೇ ಪೋರ್ಟ್ ಫಾರ್ವರ್ಡಿಂಗ್. ಅದನ್ನು ಮಾಡಿದ ಮೇಲೂ ಆಗದಿದ್ದರೆ, ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ಐಪಿ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿರಬಹುದು. ಆಗ ರೂಟರಿನಲ್ಲಿ ಎಷ್ಟು ಹೆಣಗಿದರೂ ಫಲವಿಲ್ಲ. ದಿ ಫೋರ್ಜ್‌ನಂಥ ಫೌಂಡ್ರಿ ಹೋಸ್ಟಿಂಗ್ ಸೇವೆಗೆ ಹೋಗುವುದೇ ಸುಲಭದ ದಾರಿ.

ಇನ್ನು, ಒಬ್ಬ ಆಟಗಾರನಿಗೆ ಮಾತ್ರ ಎಲ್ಲವೂ ನಿಧಾನವಾಗಿದ್ದರೆ ಅವರ ಬ್ರೌಸರಿನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ (ಚಿತ್ರದ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವ ಸೆಟ್ಟಿಂಗ್) ಆಫ್ ಆಗಿದೆಯೇ ನೋಡಿ. ಎಲ್ಲರಿಗೂ ನಿಧಾನವಾಗಿದ್ದರೆ ಮ್ಯಾಪ್ ಚಿತ್ರಗಳು ತೀರಾ ದೊಡ್ಡವು. ಪಿಎನ್‌ಜಿ ಬದಲು ವೆಬ್‌ಪಿಗೆ ಪರಿವರ್ತಿಸಿದರೆ ಕಣ್ಣಿಗೆ ವ್ಯತ್ಯಾಸ ಕಾಣದೆ ಗಾತ್ರ ಎಷ್ಟೋ ಇಳಿಯುತ್ತದೆ.

ಫೋನಿನಲ್ಲಿ ಆಡಬಹುದೇ?

ದಾಳ ಹಾಕಿ ಮಾತಾಡಲು ಸಾಕು. ಮ್ಯಾಪ್ ಇರುವ ಆಟಕ್ಕೆ ಲ್ಯಾಪ್‌ಟಾಪ್ ಬೇಕು. ಮೈಕ್ ಇರುವ ಹೆಡ್‌ಫೋನ್ ಮಾತ್ರ ಎಲ್ಲರಿಗೂ ಕಡ್ಡಾಯ ಎಂದೇ ನಾನು ಹೇಳುತ್ತೇನೆ. ಒಬ್ಬರ ಸ್ಪೀಕರಿನಿಂದ ಬರುವ ಪ್ರತಿಧ್ವನಿ ಇಡೀ ನೌಕೆಯನ್ನು ಕೆಡಿಸುತ್ತದೆ.

ನೌಕೆಯ ಒಳಗಿನ ಮ್ಯಾಪ್ ಯಾವ ಅಳತೆಯಲ್ಲಿರಬೇಕು?

ಹೆಚ್ಚಿನ ವಿಟಿಟಿಗಳು ಒಂದು ಚೌಕವನ್ನು 5 ಅಡಿ ಎಂದು ಹಿಡಿದು ಶುರುವಾಗುತ್ತವೆ. ಅದು ಸುಮಾರು 1.5 ಮೀಟರ್. ಟ್ರಾವೆಲರ್‌ನ ಡೆಕ್ ಪ್ಲಾನ್‌ಗಳ (ನೌಕೆಯ ಅಂತಸ್ತುಗಳ ನಕ್ಷೆಗಳ) ಚೌಕವೂ 1.5 ಮೀಟರೇ ಆದ್ದರಿಂದ ಏನನ್ನೂ ಹಿಗ್ಗಿಸಬೇಕಾಗಿಲ್ಲ. ಸೀನ್ ಸೆಟ್ಟಿಂಗಿನಲ್ಲಿ 5 ಅಡಿಯನ್ನು 1.5 ಮೀಟರಿಗೆ ಬದಲಿಸಿದರೆ ಆಯಿತು.

ಆ ಆಟದಲ್ಲಿ ನೌಕೆಯ ಗಾತ್ರ ಹೇಳುವುದು ಟನ್‌ನಲ್ಲಿ, ಆದರೆ ಅದು ತೂಕವಲ್ಲ, ಜಾಗ. ಒಂದು ಟನ್ ದ್ರವ ಹೈಡ್ರೋಜನ್ ತುಂಬುವಷ್ಟು ಜಾಗ, ಸುಮಾರು 14 ಘನ ಮೀಟರ್. 3 ಮೀಟರ್ ಎತ್ತರದ ಡೆಕ್‌ನಲ್ಲಿ ಇದು ಹತ್ತಿರ ಹತ್ತಿರ ಎರಡು ಚೌಕ. ಹಾಗಾಗಿ 200 ಟನ್ ನೌಕೆಗೆ ಸುಮಾರು 400 ಚೌಕ. ಅದರಲ್ಲಿ ಇಂಧನದ ಟ್ಯಾಂಕ್ ಎಷ್ಟು? ಒಂದು ಪಾರ್ಸೆಕ್, ಅಂದರೆ 3.26 ಜ್ಯೋತಿರ್ವರ್ಷ, ಜಂಪ್ ಮಾಡಲು (ಬೆಳಕನ್ನು ಮೀರಿ ನಕ್ಷತ್ರದಿಂದ ನಕ್ಷತ್ರಕ್ಕೆ ನೆಗೆಯಲು) ನೌಕೆಯ ಹತ್ತನೇ ಒಂದು ಪಾಲು ಇಂಧನ ಬೇಕು: 20 ಟನ್, 40 ಚೌಕ. ಈ ಲೆಕ್ಕ ತಲೆಯಲ್ಲಿದ್ದರೆ ಸ್ವಂತ ನೌಕೆಯ ಪ್ಲಾನ್ ಬರೆಯಬಹುದು. ಟ್ಯಾಂಕ್ ಎಲ್ಲಿದೆ ಎಂದು ಆಟಗಾರರಿಗೆ ಗೊತ್ತಿದ್ದರೆ ಗುಂಡು ಎಲ್ಲಿ ಹಾರಿಸಬಾರದು ಎಂಬುದೂ ಗೊತ್ತಾಗುತ್ತದೆ, ಅಲ್ಲಿಂದ ಆಟಕ್ಕೆ ರಂಗೇರುತ್ತದೆ.

ಅಂತರಿಕ್ಷ ಯುದ್ಧವನ್ನು ಮ್ಯಾಪಿನ ಮೇಲೆ ತೋರಿಸುವುದು ಹೇಗೆ?

ಅಳತೆಗೆ ತಕ್ಕಂತೆ ತೋರಿಸಲು ಹೋಗಬೇಡಿ. ಟ್ರಾವೆಲರ್‌ನಲ್ಲಿ 'ವೆರಿ ಲಾಂಗ್' ಅಂತರ ಎಂದರೆ 50,000 ಕಿ.ಮೀ.ವರೆಗೆ. ಒಂದು ಚೌಕಕ್ಕೆ 1,000 ಕಿ.ಮೀ. ಎಂದಿಟ್ಟುಕೊಂಡು, ಚೌಕವೊಂದು 100 ಪಿಕ್ಸೆಲ್ ಆದರೆ, 100 ಮೀಟರ್ ಉದ್ದದ ನೌಕೆ ಪರದೆಯ ಮೇಲೆ ಒಂದು ಪಿಕ್ಸೆಲ್‌ನ ನೂರನೇ ಒಂದು ಪಾಲು. ಕಾಣಿಸುವುದೇ ಇಲ್ಲ. ಮ್ಯಾಪಿನಲ್ಲಿ ಅಕ್ಕಪಕ್ಕ ನಿಂತ ಎರಡು ದೊಡ್ಡ ನೌಕೆಗಳ ಚಂದದ ಚಿತ್ರ ಹಾಕಿದ ಕ್ಷಣವೇ ಆಟಗಾರರ ಮನಸ್ಸಿನಲ್ಲಿ ಆ ದೂರ ಸತ್ತುಹೋಗುತ್ತದೆ.

ಇದಕ್ಕೆ ಎರಡು ಒಳ್ಳೆಯ ದಾರಿಗಳಿವೆ. ಒಂದು, ಅಂತರದ ಪಟ್ಟಿ. ಕಪ್ಪು ಹಿನ್ನೆಲೆಯ ಮೇಲೆ ಹತ್ತಿರದಿಂದ ದೂರದವರೆಗೆ ಆರೇಳು ಖಾನೆ ಎಳೆದು ಶತ್ರು ನೌಕೆಯ ಗುರುತನ್ನು ಅದರಲ್ಲಿ ಇಡಿ. ಒಂದು ಸುತ್ತು ಆರು ನಿಮಿಷ. ಪೈಲಟ್ ಎಂಜಿನ್ ಶಕ್ತಿ ಖರ್ಚು ಮಾಡಿದರೆ ಗುರುತು ಒಂದು ಖಾನೆ ಸರಿಯುತ್ತದೆ. ಬಹಳಷ್ಟು ಗುಂಪುಗಳಿಗೆ ಇಷ್ಟೇ ಸಾಕು.

ಇನ್ನೊಂದು ನನಗೆ ಹೆಚ್ಚು ಪ್ರಿಯವಾದದ್ದು: ವೇಗವನ್ನೇ ಮ್ಯಾಪಿನಲ್ಲಿ ಹಿಡಿಯುವುದು. ಹಳೆಯ ಟ್ರಾವೆಲರ್‌ನಲ್ಲಿ ಸುತ್ತೊಂದು 1,000 ಸೆಕೆಂಡ್, ಮೇಜಿನ ಮೇಲೆ ಅಳತೆಪಟ್ಟಿ ಇಟ್ಟು ನೌಕೆ ಸರಿಸುತ್ತಿದ್ದರು. ವಿಟಿಟಿಯಲ್ಲಿ ಅದು ಇನ್ನೂ ಸುಲಭ. ಒಂದು ಹೆಕ್ಸ್ 10,000 ಕಿ.ಮೀ. ಎಂದುಕೊಳ್ಳಿ. 1 ಜಿ (ಭೂಮಿಯ ಗುರುತ್ವದಷ್ಟು) ವೇಗೋತ್ಕರ್ಷದಲ್ಲಿ 1,000 ಸೆಕೆಂಡ್ ಎಂಜಿನ್ ಉರಿಸಿದರೆ ವೇಗ ಸೆಕೆಂಡಿಗೆ 9.8 ಕಿ.ಮೀ. ಏರುತ್ತದೆ. ಅಂದರೆ ಮುಂದಿನ ಪ್ರತಿ ಸುತ್ತಿಗೂ ಹೆಚ್ಚುಕಡಿಮೆ ಒಂದು ಹೆಕ್ಸ್ ಹೆಚ್ಚು. ಪ್ರತಿ ನೌಕೆಗೂ ಎರಡು ಟೋಕನ್ ಕೊಡಿ: ಈಗ ಇರುವ ಜಾಗಕ್ಕೆ ಒಂದು, ಮುಂದಿನ ಸುತ್ತಿನಲ್ಲಿ ತಲುಪುವ ಜಾಗಕ್ಕೆ ಮಸುಕಾದ ಇನ್ನೊಂದು. ಎಂಜಿನ್ ಉರಿಸಿದರೆ ಮಸುಕು ಟೋಕನ್ ಅಷ್ಟು ಹೆಕ್ಸ್ ಸರಿಯುತ್ತದೆ. ಉರಿಸದಿದ್ದರೆ ನೌಕೆ ಹೋಗುತ್ತಿದ್ದ ಕಡೆಗೇ ಹೋಗುತ್ತದೆ. ಬ್ರೇಕ್ ಎಂಬುದೇ ಇಲ್ಲ, ಬಂದ ವೇಗವನ್ನು ಇಳಿಸಲು ಅಷ್ಟೇ ಹೊತ್ತು ಹಿಮ್ಮುಖವಾಗಿ ಉರಿಸಬೇಕು. ನಿಲ್ಲಲಾಗದೆ ನಿಲ್ದಾಣವನ್ನು ದಾಟಿ ಹೋಗುವ ಆ ಮಸುಕು ಟೋಕನ್ ನೋಡಿ ಆಟಗಾರರು "ಅಯ್ಯೋ" ಎನ್ನುವುದನ್ನು ಕೇಳಬೇಕು. ನ್ಯೂಟನ್ ನಿಯಮ ಅರ್ಥವಾಗಲು ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಮ್ಯಾಪ್ ಎಷ್ಟು ಚಂದ ಮಾಡಿದರೂ ಆಟದಲ್ಲಿ ಜೀವ ಇಲ್ಲ. ಏನು ಮಾಡಲಿ?

ತೋರಿಸುವುದನ್ನು ಕಡಿಮೆ ಮಾಡಿ. ವಿಟಿಟಿಯ ನಿಜವಾದ ಬಲ ಇರುವುದು ಬಚ್ಚಿಡುವುದರಲ್ಲಿ. ಮೇಜಿನ ಮೇಲೆ ಮ್ಯಾಪ್ ಹರಡಿದರೆ ಎಲ್ಲರಿಗೂ ಎಲ್ಲವೂ ಕಾಣುತ್ತದೆ. ಇಲ್ಲಿ ಒಬ್ಬೊಬ್ಬರಿಗೂ ಅವರವರ ಪಾತ್ರಕ್ಕೆ ಕಾಣುವುದಷ್ಟೇ ಕಾಣುವಂತೆ ಮಾಡಬಹುದು. ಅಂತರಿಕ್ಷದ ಕಥೆಗಳಿಗೆ ಬೇಕಾದದ್ದು ಇದೇ: ಕತ್ತಲೆ, ದೂರ, ಅರ್ಧಂಬರ್ಧ ಮಾಹಿತಿ.

ಒಂದು ಉದಾಹರಣೆ ನೋಡಿ. ಸಂಪರ್ಕ ಕಡಿದುಕೊಂಡ ಸರಕು ನೌಕೆಯೊಂದನ್ನು ಸಿಬ್ಬಂದಿ ಹೊಕ್ಕಿದ್ದಾರೆ. ಮ್ಯಾಪಿಗೆ ಗೋಡೆ ಎಳೆದಿದ್ದೀರಿ, ಟಾರ್ಚ್ ಬೆಳಕು ಆರು ಚೌಕ, ಅಂದರೆ 9 ಮೀಟರ್. ಅದರಾಚೆ ಕಪ್ಪು. ಎಂಜಿನಿಯರ್ ಪಾತ್ರದವರು ನೌಕೆಯ ಕಂಪ್ಯೂಟರಿಗೆ ಹೊಕ್ಕರು. ಅವರಿಗೆ ಮಾತ್ರ ಕಾಣುವ ಒಂದು ಹ್ಯಾಂಡ್‌ಔಟ್ (ವಿಟಿಟಿಯೊಳಗಿನ ಟಿಪ್ಪಣಿ ಹಾಳೆ) ತೆರೆಯಿರಿ, ಅದರಲ್ಲಿ ಹನ್ನೆರಡು ಬಾಗಿಲುಗಳ ಪಟ್ಟಿ, ಎಲ್ಲವೂ 'ಮುಚ್ಚಿದೆ'. ಆಟ ಮುಂದುವರಿಯಲಿ. ಉಳಿದವರು ಊಟದ ಕೋಣೆ ಹುಡುಕುತ್ತಿರುವಾಗ ಸದ್ದಿಲ್ಲದೆ ಒಂದು ಸಾಲು ತಿದ್ದಿ: 'ಬಾಗಿಲು 7: ತೆರೆದಿದೆ'. ಮ್ಯಾಪಿನಲ್ಲಿ ಏನೂ ಕದಲಿಲ್ಲ. ಏಳನೇ ಬಾಗಿಲಿನ ಹತ್ತಿರ ಸಿಬ್ಬಂದಿ ಯಾರೂ ಇಲ್ಲ. ಎಂಜಿನಿಯರ್ ಒಂದು ಕ್ಷಣ ಸುಮ್ಮನಾಗಿ, "ನಿಮ್ಮಲ್ಲಿ ಯಾರಾದರೂ ಹಿಂದಕ್ಕೆ ಹೋದಿರಾ?" ಎಂದು ಕೇಳುತ್ತಾರೆ. ಯಾವ ರಾಕ್ಷಸನ ಚಿತ್ರಕ್ಕೂ ಈ ಪ್ರಶ್ನೆಯಷ್ಟು ಶಕ್ತಿ ಇಲ್ಲ. ಎರಡು ನಿಮಿಷದ ನಂತರ ಐದನೇ ಬಾಗಿಲನ್ನೂ ತಿದ್ದಿ.

ಶಬ್ದಕ್ಕೂ ಇದೇ ಮಾತು. ನೌಕೆಯೊಳಗೆ ಫ್ಯಾನಿನ ಗುಂಯ್‌ಗುಡುವ ಸದ್ದು ಹಾಕಿಟ್ಟಿರಿ. ಗಾಳಿ ಸೋರಿ ಹೋದಾಗ ಅದನ್ನು ಪೂರ್ತಿ ನಿಲ್ಲಿಸಿ. ನಿರ್ವಾತದಲ್ಲಿ ಶಬ್ದ ಹರಡುವುದಿಲ್ಲ. ಹೊರಗೆ ಸ್ಫೋಟವಾದರೂ ಮೌನವೇ ಇರಲಿ.

ದಾಳ ಕೈಯಲ್ಲಿ ಹಾಕಬೇಕೋ, ಸಾಫ್ಟ್‌ವೇರಿನಲ್ಲೋ?

ನಂಬಿಕೆ ಇರುವ ಗುಂಪಿನಲ್ಲಿ ಹೇಗಾದರೂ ಸರಿ. ಆದರೂ ಸಾಫ್ಟ್‌ವೇರಿನಲ್ಲಿ ಹಾಕಿದರೆ ಫಲಿತಾಂಶ ಎಲ್ಲರ ಕಣ್ಣೆದುರೇ ಬರುತ್ತದೆ, ಆ ಉಸಿರುಗಟ್ಟುವ ಕ್ಷಣ ಎಲ್ಲರಿಗೂ ಸೇರುತ್ತದೆ. ಜಿಎಂಗೆ ಮಾತ್ರ ಕಾಣುವ ಗುಟ್ಟಿನ ದಾಳವೂ ಇದೆ. ಫೌಂಡ್ರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ದಾಳ ಹಾಕಿದವರಿಗೇ ಫಲಿತಾಂಶ ಕಾಣದ 'ಬ್ಲೈಂಡ್' ರೋಲ್. ಸೆನ್ಸರ್ ಓದುವ ಕೆಲಸಕ್ಕೆ ಇದನ್ನೇ ಬಳಸಿ. 'ಏನೂ ಇಲ್ಲ' ಎಂದು ಜಿಎಂ ಹೇಳಿದಾಗ ನಿಜವಾಗಿ ಏನೂ ಇಲ್ಲವೋ, ತನಗೆ ಕಾಣಲಿಲ್ಲವೋ ಎಂಬುದು ದಾಳ ಹಾಕಿದ ಆಟಗಾರನಿಗೆ ಗೊತ್ತಾಗಬಾರದು.

"ಎರಡು ದಾಳದಲ್ಲಿ 8 ಬರುವುದು ಕಷ್ಟವೇ?" ಎಂದು ಟ್ರಾವೆಲರ್ ಆಡುವವರು ಕೇಳುತ್ತಾರೆ. ಬರಿಗೈಯಲ್ಲಿ ಹಾಕಿದರೆ 36ರಲ್ಲಿ 15 ಸಲ, ಶೇ. 42ರಷ್ಟು. ಒಂದು ಅಂಕ ಸೇರಿದರೆ ಶೇ. 58, ಎರಡು ಸೇರಿದರೆ ಶೇ. 72. ಆದ್ದರಿಂದ ಆ ಆಟದಲ್ಲಿ ಒಂದೇ ಒಂದು ಅಂಕದ ನೆರವೂ ದೊಡ್ಡದು. ಜೊತೆಗಾರನಿಗೆ ಸಹಾಯ ಮಾಡಲು ಮರೆಯಬೇಡಿ.

ವಾಯ್ಸ್ ಕಾಲ್‌ನಲ್ಲಿ ಎಲ್ಲರೂ ಒಟ್ಟಿಗೇ ಮಾತಾಡಿ ಗೊಂದಲವಾಗುತ್ತದೆ.

ಸೈ-ಫೈ ಆಟದಲ್ಲಿ ಇದಕ್ಕೆ ಸಹಜವಾದ ಮದ್ದಿದೆ. ನಿಮ್ಮ ಪಾತ್ರಗಳೂ ಒಂದೊಂದು ಸೂಟಿನೊಳಗೆ ಕೂತು ರೇಡಿಯೊದಲ್ಲೇ ಮಾತಾಡುತ್ತಿವೆ! ಹಾಗಾಗಿ ರೇಡಿಯೊ ಶಿಸ್ತನ್ನೇ ಆಟಕ್ಕೆ ತನ್ನಿ: ಮೊದಲು ಯಾರನ್ನು ಕರೆಯುತ್ತಿದ್ದೀರೋ ಅವರ ಹೆಸರು, ಆಮೇಲೆ ನಿಮ್ಮ ಹೆಸರು, ಆಮೇಲೆ ವಿಷಯ. ಕೆಲವೇ ಹೊತ್ತಿನಲ್ಲಿ ಅದು ಅಭ್ಯಾಸವಾಗುತ್ತದೆ, ಕೇಳಲೂ ಸೊಗಸು.

ಕಥೆಯಲ್ಲಿ ಸಿಬ್ಬಂದಿ ಎರಡು ಕಡೆ ಹಂಚಿಹೋದರೆ ಎದುರೆದುರು ಕೂತ ಆಟಕ್ಕಿಂತ ಆನ್‌ಲೈನ್ ಆಟವೇ ಮೇಲು. ಡಿಸ್ಕಾರ್ಡ್ ಎಂಬ ಚಾಟ್ ಮತ್ತು ಕಾಲ್ ಆಪ್‌ನಲ್ಲಿ ಎರಡು ವಾಯ್ಸ್ ಚಾನೆಲ್ ಮಾಡಿ, ಒಂದು ನೌಕೆ, ಇನ್ನೊಂದು ಗ್ರಹದ ನೆಲ. ಜಿಎಂ ಎರಡರ ನಡುವೆ ಓಡಾಡಲಿ. ಆದರೆ ಒಂದು ಕಡೆಯವರನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯಿಸಬೇಡಿ. ಕಾಯುವವರಿಗೆ ಆ ಹೊತ್ತಿನಲ್ಲಿ ನಿರ್ಧರಿಸಲು ಏನಾದರೂ ಕೊಟ್ಟು ಹೋಗಿ.

ಒಬ್ಬ ಆಟಗಾರನಿಗೆ ಮಾತ್ರ ಗುಟ್ಟು ಹೇಳುವುದು ಸರಿಯೇ?

ಆಟ ಅದಕ್ಕೆ ಅವಕಾಶ ಕೊಟ್ಟರೆ ಖಂಡಿತ. ಏಲಿಯನ್ ರೋಲ್‌ಪ್ಲೇಯಿಂಗ್ ಆಟದ (2019) ಸಿನಿಮೀಯ ಕಥೆಗಳಲ್ಲಿ ಪ್ರತಿ ಪಾತ್ರಕ್ಕೂ, ನಾಟಕದ ಅಂಕಗಳಂತೆ ಕಥೆಯ ಭಾಗದಿಂದ ಭಾಗಕ್ಕೆ ಬದಲಾಗುವ ಗುಟ್ಟಿನ ಉದ್ದೇಶವಿರುತ್ತದೆ. ವಿಟಿಟಿಯಲ್ಲಿ ಅದನ್ನು ಖಾಸಗಿ ಸಂದೇಶವಾಗಿ ಕಳಿಸಿದರೆ ಯಾರಿಗೂ ಸುಳಿವು ಸಿಗದು. ಇಂಥ ಆಟ ಇದು, ಒಬ್ಬರು ಕೈಕೊಡಬಹುದು ಎಂಬುದನ್ನು ಮಾತ್ರ ಮೊದಲ ದಿನವೇ ಎಲ್ಲರಿಗೂ ಹೇಳಿರಬೇಕು.

ಭಯದ ಕಥೆ ಯಾರಿಗಾದರೂ ನಿಜವಾಗಿಯೇ ನೋವು ಕೊಟ್ಟರೆ?

ಕಾಲ್‌ನಲ್ಲಿ ಮುಖ ಕಾಣದಿರುವುದರಿಂದ ಇದನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಿ. ಶುರುವಿಗೇ ಕೇಳಿ: ಯಾವ ವಿಷಯ ಬರಲೇಬಾರದು, ಯಾವುದು ಬಂದರೂ ವಿವರಿಸದೆ ದಾಟಬೇಕು. ಆಟದ ನಡುವೆ ಯಾರಾದರೂ ಚಾಟ್‌ನಲ್ಲಿ 'ಎಕ್ಸ್' ಎಂದು ಹಾಕಿದರೆ ಆ ದೃಶ್ಯ ಅಲ್ಲಿಗೆ ಬಿಟ್ಟು ಮುಂದಕ್ಕೆ. ಕಾರಣ ಕೇಳಬಾರದು. ಜಿಎಂಗೆ ಖಾಸಗಿಯಾಗಿ ಕಳಿಸಿದರೂ ಅಷ್ಟೇ ಬೆಲೆ.

ಕೊಂಡ ಪಿಡಿಎಫ್ ಗುಂಪಿಗೆ ಹಂಚಬಹುದೇ?

ಪೂರ್ತಿ ಪುಸ್ತಕ ಹಂಚುವುದು ತಪ್ಪು. ಹಂಚಲು ಬೇಕಾದರೆ ಹಂಚಲು ಬಿಟ್ಟ ಆಟಗಳೇ ಇವೆ: ಎಕ್ಲಿಪ್ಸ್ ಫೇಸ್ (2009) ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ, ವ್ಯಾಪಾರಕ್ಕಲ್ಲದೆ ಯಾರಿಗಾದರೂ ಕೊಡಬಹುದು. ಈ ಆಟಗಳನ್ನು ಮಾಡುವವರಲ್ಲಿ ಹೆಚ್ಚಿನವರು ಸಣ್ಣ ತಂಡಗಳು. ಇಷ್ಟವಾದ ಆಟಕ್ಕೆ ಕಾಸು ಕೊಡಿ.

ಫೌಂಡ್ರಿಗೆ ಎಷ್ಟು ಮಾಡ್ಯೂಲ್ ಹಾಕಬಹುದು?

ಮಾಡ್ಯೂಲ್ ಎಂದರೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ಸಾಫ್ಟ್‌ವೇರ್. ಬೇಕಾದಷ್ಟು ಸಿಗುತ್ತವೆ, ಬೇಕಾಗುವುದು ಬೆರಳೆಣಿಕೆಯಷ್ಟೇ. ಆಟದ ದಿನ ಮಾತ್ರ ಯಾವುದನ್ನೂ ಅಪ್‌ಡೇಟ್ ಮಾಡಬೇಡಿ. ಮುಖ್ಯ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಾಗ ಹಳೆಯ ಮಾಡ್ಯೂಲ್‌ಗಳು ಕೈಕೊಡುವುದು ಮಾಮೂಲು. ಬ್ಯಾಕಪ್ ತೆಗೆದು, ಆಟ ಮುಗಿದ ಮಾರನೇ ದಿನ ಅಪ್‌ಡೇಟ್ ಮಾಡಿದರೆ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ.

ಸೈ-ಫೈ ಬೋರ್ಡ್ ಗೇಮ್‌ಗಳನ್ನು ಎಲ್ಲಿ ಆಡುವುದು?

ಬೋರ್ಡ್ ಗೇಮ್ ಅರೀನಾದಲ್ಲಿ ನಿಯಮವನ್ನು ಸಾಫ್ಟ್‌ವೇರೇ ನೋಡಿಕೊಳ್ಳುತ್ತದೆ, ತಪ್ಪು ನಡೆ ಇಡಲು ಬಿಡುವುದಿಲ್ಲ. ರೇಸ್ ಫಾರ್ ದ ಗ್ಯಾಲಕ್ಸಿಯಂಥ ಆಟ ಕಲಿಯಲು ಅದು ಸೊಗಸಾದ ಜಾಗ. ಟೇಬಲ್‌ಟಾಪ್ ಸಿಮ್ಯುಲೇಟರ್ ಇದಕ್ಕೆ ತದ್ವಿರುದ್ಧ: ಅಲ್ಲಿರುವುದು ಮೇಜು, ಕಾರ್ಡು, ಗುರುತ್ವಾಕರ್ಷಣೆ ಅಷ್ಟೇ. ನಿಯಮ ನಿಮ್ಮ ತಲೆಯಲ್ಲಿರಬೇಕು. ಟ್ವಿಲೈಟ್ ಇಂಪೀರಿಯಂನಂಥ ಇಡೀ ದಿನ ಹಿಡಿಯುವ ಆಟವನ್ನು ಜನ ಅಲ್ಲಿ ಆಡುತ್ತಾರೆ. ಒಂದು ದಿನ ಬಿಡುವು ಇಲ್ಲದವರು ಅದನ್ನೇ ಡಿಸ್ಕಾರ್ಡ್‌ನಲ್ಲಿ ವಾರಗಟ್ಟಲೆ, ತಮ್ಮ ಸರದಿ ಬಂದಾಗ ಒಂದೊಂದು ನಡೆಯಂತೆ ಆಡುವುದೂ ಉಂಟು. ಹಳೆಯ ಯುದ್ಧದ ಆಟಗಳಿಗೆ ವಸ್ಸಾಲ್ ಎಂಬ ಉಚಿತ ತಂತ್ರಾಂಶ ನೋಡಿ.

ಬೇರೆ ಬೇರೆ ದೇಶದಲ್ಲಿದ್ದೇವೆ, ಸಮಯ ಹೊಂದಿಸುವುದು ಹೇಗೆ?

ಯುಟಿಸಿಯಲ್ಲಿ (ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯದಲ್ಲಿ) ಸಮಯ ಗೊತ್ತುಮಾಡಿ, ಅಥವಾ ಡಿಸ್ಕಾರ್ಡ್‌ನ ಟೈಮ್‌ಸ್ಟ್ಯಾಂಪ್ ಬಳಸಿ. ಅದು ನೋಡುವವರ ಊರಿನ ಗಂಟೆಯಲ್ಲೇ ಕಾಣುತ್ತದೆ. ಕೆಲವು ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಬದಲಾಗುತ್ತದೆ, ಆ ವಾರಗಳಲ್ಲಿ ಮತ್ತೊಮ್ಮೆ ಕೇಳಿಕೊಳ್ಳಿ. ಸಮಯ ಹೊಂದುವುದೇ ಇಲ್ಲವಾದರೆ ಚಾಟ್‌ನಲ್ಲಿ ಬರೆದು ಆಡಬಹುದು. ನಿಧಾನ, ಆದರೆ ಪಾತ್ರದ ಮನಸ್ಸಿನೊಳಗೆ ಇಳಿಯಲು ಅದರಲ್ಲಿ ಅವಕಾಶ ಹೆಚ್ಚು.

ಆಟದ ನಡುವೆ ಒಬ್ಬರ ಇಂಟರ್ನೆಟ್ ಹೋದರೆ?

ಮೊದಲೇ ಒಪ್ಪಂದ ಮಾಡಿಕೊಳ್ಳಿ: ಐದು ನಿಮಿಷ ಕಾಯುವುದು, ಬರದಿದ್ದರೆ ಅವರ ಪಾತ್ರವನ್ನು ಯಾರು ನಡೆಸಬೇಕು ಎಂದು ಹೆಸರು ಬರೆದಿಡುವುದು. ಕಥೆಯಲ್ಲಿ ಅವರ ಸೂಟಿನ ರೇಡಿಯೊ ಕೆಟ್ಟಿದೆ ಎಂದುಕೊಂಡರೆ ಆಯಿತು. ಅವರು ಇಲ್ಲದಾಗ ಆ ಪಾತ್ರವನ್ನು ಸಾಯಿಸಬೇಡಿ. ಜಿಎಂನದೇ ಸಂಪರ್ಕ ಹೋದರೆ ಫೋನಿನ ಡೇಟಾದಲ್ಲಿ ಕಾಲ್‌ಗೆ ಮರಳಿ ಬಂದು, ಮ್ಯಾಪ್ ಬಿಟ್ಟು ಬಾಯಿಮಾತಿನಲ್ಲೇ ಮುಂದುವರಿಸಿ. ಅದಕ್ಕಾಗಿ ಅಂದಿನ ಕಥೆಯ ಮುಖ್ಯ ಟಿಪ್ಪಣಿಯನ್ನು ಒಂದು ಹಾಳೆಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಂಡಿರಿ.